ಧಾರಾವಾಹಿಯ ಕಣ್ಣೀರು, ಕುರ್‌ಆನಿನ ಸಹನೆ

ಸಹನೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಜಾನಮಾಝಿನ ಮೇಲೆ ಕುಳಿತು ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಳ್ಳುವ ಸೊಸೆ. ಉರ್ದು ಧಾರಾವಾಹಿಗಳು ಇದನ್ನು ಎಷ್ಟು ಸಲ ತೋರಿಸಿವೆಯೆಂದರೆ, ಇದೇ ಸಬ್ರ್ ಎಂದು ನಾವು ನಂಬಿಬಿಟ್ಟಿದ್ದೇವೆ. ಉಡುತಡಿ, ಶಿರಾಳಕೊಪ್ಪ, ಸೊರಬದ ಕಡೆ ನಮ್ಮ ಅನೇಕ ಮನೆಗಳಲ್ಲಿ ಅಂಗಡಿಗೆ ಕನ್ನಡ, ಅಡುಗೆಮನೆಗೆ ಉರ್ದು. ಆದುದರಿಂದ ಈ ಕಥೆಗಳಿಗೆ ಅನುವಾದದ ಹಂಗೂ ಇಲ್ಲ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕಬೇಕಿಲ್ಲ. 2014ರ ಜೂನ್‌ನಲ್ಲಿ ಝಿಂದಗಿ ಚಾನೆಲ್ ಆರಂಭವಾದಾಗ ‘ಝಿಂದಗಿ ಗುಲ್ಝಾರ್ ಹೈ’ ಭಾರತದ ಮನೆಗಳಿಗೆ ಬಂತು. ಪಾಕಿಸ್ತಾನದಲ್ಲಿ 2012–13ರಲ್ಲಿ ಪ್ರಸಾರವಾಗಿದ್ದ ಇದನ್ನು ಬರೆದವರು ಉಮೇರಾ ಅಹ್ಮದ್. ಅದರಲ್ಲಿ ರಾಫಿಯಾ ಎಂಬ ತಾಯಿಯಿದ್ದಾಳೆ. ಹುಟ್ಟಿದ ಮೂವರೂ ಹೆಣ್ಣೆಂದು ಗಂಡ ಇನ್ನೊಂದು ಮದುವೆಯಾಗುತ್ತಾನೆ. ರಾಫಿಯಾ ಅಲ್ಲಾಹನನ್ನು ದೂರುವುದಿಲ್ಲ. ಮೂಲೆಯಲ್ಲಿ ಕೂರುವುದೂ ಇಲ್ಲ. ಶಾಲೆಯಲ್ಲಿ ದುಡಿದು ಮೂವರನ್ನೂ ಓದಿಸುತ್ತಾಳೆ. ತನಗೇಕೆ ಈ ಕಷ್ಟ ಎಂದು ದೇವನೊಂದಿಗೇ ಮುನಿಸಿಕೊಂಡ ಹಿರಿಮಗಳು ಕಶಫ್ ಕೊನೆಗೆ ಸರಕಾರಿ ಅಧಿಕಾರಿಯಾಗುತ್ತಾಳೆ. ಸಿರಿವಂತ ವರನೂ ಸಿಗುತ್ತಾನೆನ್ನಿ! ಸಹನೆಯ ಫಲವನ್ನು ಕೊನೆಯ ಕಂತಿನೊಳಗೇ ಕೊಟ್ಟು ಮುಗಿಸುವುದು ಟಿ.ವಿ.ಯ ಅವಸರ. ಸತ್ಯವಿಶ್ವಾಸಿಗೆ ಪರಲೋಕವೂ ಇದೆ.

ಕುರ್‌ಆನ್ ಏನನ್ನು ತೋರಿಸುತ್ತದೆ ನೋಡಿ. ಮಗನನ್ನು ಕಳೆದುಕೊಂಡ ಪ್ರವಾದಿ ಯಅ್‌ಕೂಬ್(ಅ) ಸುಂದರವಾದ ಸಹನೆಯ ಮಾತಾಡಿದರು. ಅದೇ ಸೂರಃ ಯೂಸುಫ್‌ನಲ್ಲಿ ಮುಂದೆ, ಅತ್ತತ್ತು ದೃಷ್ಟಿ ಮಾಸಿದ ಮೇಲೂ, ಯೂಸುಫರನ್ನು(ಅ) ಹುಡುಕಿ ಬರಲು ಮಕ್ಕಳನ್ನು ಕಳುಹಿಸಿದವರೂ ಅವರೇ. ರೋಗದಿಂದ ಬಳಲಿದ ಪ್ರವಾದಿ ಅಯ್ಯೂಬರಿಗೆ(ಅ) ನೆಲಕ್ಕೆ ಕಾಲಿನಿಂದ ಬಡಿಯುವಂತೆ ಆಜ್ಞೆಯಾಯಿತು. ಆಗ ತಣ್ಣೀರು ದೊರೆಯಿತು. ಸಹನೆಯೂ ಪ್ರಯತ್ನವೂ ಅಲ್ಲಿ ಒಟ್ಟಿಗೇ ಇವೆ.

ಇನ್ನು ನಿಮ್ಮ ಮನೆಗೆ ಬನ್ನಿ. ಪೆಟ್ಟು ತಿಂದು ತವರಿಗೆ ಬಂದ ಮಗಳಿಗೆ ‘ಸಬ್ರ್ ಮಾಡಮ್ಮಾ’ ಎಂದು ಮರುದಿನವೇ ಬಸ್ಸು ಹತ್ತಿಸುವಾಗ ನೀವು ಬೋಧಿಸುವುದು ಯಾರ ಸಬ್ರ್?

ಮದೀನಾದ ಖೌಲಾ ಬಿಂತ್ ಸಅ್‌ಲಬಾ(ರ) ಅವರಿಗೆ ಪತಿ, ‘ನೀನು ನನಗೆ ತಾಯಿಯ ಬೆನ್ನಿನಂತೆ’ ಎಂದುಬಿಟ್ಟರು. ಅತ್ತ ಪತ್ನಿಯೂ ಅಲ್ಲ, ಇತ್ತ ಬಿಡುಗಡೆಯೂ ಇಲ್ಲ. ಇದು ಅಜ್ಞಾನಕಾಲದ ರೂಢಿ. ಅವರು ಮನೆಯಲ್ಲಿ ಅಳುತ್ತಾ ಕೂರದೆ ಪ್ರವಾದಿವರ್ಯರ(ಸ) ಬಳಿ ಹೋಗಿ ವಾದಿಸಿದರು, ಅಲ್ಲಾಹನಿಗೆ ಮೊರೆಯಿಟ್ಟರು. ಅಲ್ಲಾಹನು ಅದನ್ನು ಆಲಿಸಿದನು. 58ನೇ ಅಧ್ಯಾಯದ ಆರಂಭದ ವಚನಗಳು ಅವತೀರ್ಣಗೊಂಡವು. ಹಾಗೆ ನುಡಿದ ಪುರುಷನಿಗೇ ಪ್ರಾಯಶ್ಚಿತ್ತ ವಿಧಿಸಲಾಯಿತು. ಮುಂದೆ ಖಲೀಫ ಉಮರ್(ರ) ದಾರಿಯಲ್ಲಿ ಈ ಮಹಿಳೆಯ ಮಾತು ಕೇಳುತ್ತಾ ಬಹಳ ಹೊತ್ತು ನಿಂತರೆಂದು ವರದಿಯಾಗಿದೆ. ಜೊತೆಗಿದ್ದವರು ಬೇಸರಿಸಿದಾಗ, ಅಲ್ಲಾಹನೇ ಆಲಿಸಿದ ಧ್ವನಿಯನ್ನು ಉಮರ್ ಆಲಿಸದಿರುವುದು ಹೇಗೆ ಎಂದು ಕೇಳಿದರಂತೆ.