ಕಪ್ಪೆ ಬೆನ್ನಿನಂಥ ಚರ್ಮ

ಮೂರನೇ ಇಯತ್ತೆಯ ಹುಡುಗಿ. ತೋಳು ಎಳೆದೆಳೆದು ಮೊಣಕೈ ಮುಚ್ಚಿಕೊಳ್ಳುತ್ತಿದ್ದಳು. ಸರಿಸಿ ನೋಡಿದೆ. ಮುಳ್ಳಿನಂಥ ಒರಟು ಗುಳ್ಳೆಗಳು. ಮೊಣಕಾಲ ಮೇಲೂ ಹಾಗೇ. ನಡುನಡುವೆ ಗಾಯ. ಅವಳ ಅವ್ವನನ್ನು ಕೇಳಿದೆ.

"ಹೊಲಸು ಅಂತ ಕಲ್ಲಿನಿಂದ ತಿಕ್ಕೀನ್ರೀ ಟೀಚರ್, ಹೋಗವಲ್ದು" ಅಂದರು.

ಅಕ್ಕಾ, ಅದು ಹೊಲಸಲ್ಲ. ಅಂಟುರೋಗವೂ ಅಲ್ಲ. ಇದನ್ನು ಕಪ್ಪೆ ಚರ್ಮ ಎನ್ನುತ್ತಾರೆ. ಊಟದಲ್ಲಿ ಎಣ್ಣೆ, ಸೊಪ್ಪು, ಕಾಳು ಕಡಿಮೆಯಾದ ಮಕ್ಕಳಲ್ಲಿ ಹೆಚ್ಚು. ಕೂದಲಿನ ಬುಡ ಗಟ್ಟಿಯಾಗಿ ಮುಳ್ಳಿನಂತೆ ಏಳುತ್ತದೆ. ಕಲ್ಲಿನಿಂದ ತಿಕ್ಕಿದರೆ ಗಾಯ ಮಾತ್ರ ಆಗುತ್ತದೆ.

ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿ ಇರುವಾಗ ಕೊಬ್ಬರಿ ಎಣ್ಣೆ ಸವರಿರಿ. ಅಷ್ಟೇ ಸಾಲದು, ಹೊಟ್ಟೆಗೂ ಬೇಕು. ನಮ್ಮ ಹೊಲದ ಕುಸುಬೆಯ ಎಣ್ಣೆ ಇದಕ್ಕೆ ಬಹಳ ಒಳ್ಳೆಯದು. ನಾವೇ ಅದನ್ನು ಮರೆಯುತ್ತಿದ್ದೇವೆ! ನುಗ್ಗೆಸೊಪ್ಪಿನ ಪಲ್ಯಕ್ಕೆ ಆ ಎಣ್ಣೆ ಹಾಕಿರಿ. ಎಣ್ಣೆ ಇಲ್ಲದಿದ್ದರೆ ಸೊಪ್ಪಿನ ಸತ್ವ ಮೈಗೆ ಸರಿಯಾಗಿ ಹತ್ತುವುದಿಲ್ಲ. ಶೇಂಗಾ ಚಟ್ನಿ, ಮೊಳಕೆ ಕಾಳು, ತಿನ್ನುವವರಿಗೆ ಮೊಟ್ಟೆಯೂ ಆದೀತು.

ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ರಾತ್ರಿ ತುರಿಕೆ ಜೋರಾಗಿದ್ದರೆ ಅದು ಕಜ್ಜಿ ಇರಬಹುದು, ಅದರ ಔಷಧಿ ಬೇರೆ. ಸಂಜೆ ಮಬ್ಬಿನಲ್ಲಿ ಮಗು ಎಡವುತ್ತಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಎ ಜೀವಸತ್ವದ ಕೊರತೆ ಕಣ್ಣನ್ನೇ ತೆಗೆದೀತು.

ಚರ್ಮ ನುಣುಪಾಗಲು ತಿಂಗಳುಗಳೇ ಬೇಕು. ನಡುವೆ ಬಿಡಬೇಡಿ.