ಎದೆಯ ಆಪರೇಷನ್‌ಗೆ ತೊಡೆಸಂದಿಯಲ್ಲೇಕೆ ಗಾಯ?

ಪ್ರಶ್ನೆ: ನಮ್ಮ ಚಿಕ್ಕಪ್ಪನಿಗೆ ಬೆಂಗಳೂರಿನಲ್ಲಿ ಮೈಟ್ರಲ್ ಕವಾಟ ಬದಲಿಸಿದರು. ಎದೆಮೂಳೆ ಸೀಳಲಿಲ್ಲ, ಬಲ ಪಕ್ಕೆಯಲ್ಲಿ ಸಣ್ಣ ಗಾಯ ಅಷ್ಟೆ. ಆದರೆ ತೊಡೆಸಂದಿಯಲ್ಲೂ ಹೊಲಿಗೆ ಇದೆ. ಅಲ್ಲೇಕೆ ಕೊಯ್ದರು?
– ಓದುಗರೊಬ್ಬರು, ಮಗ್ಗೆ, ಆಲೂರು ತಾಲ್ಲೂಕು

ಉತ್ತರ: ಕವಾಟ ಬದಲಿಸಲು ಸಾಮಾನ್ಯವಾಗಿ ಹೃದಯವನ್ನು ನಿಲ್ಲಿಸುತ್ತಾರೆ. ಅಷ್ಟು ಹೊತ್ತು ರಕ್ತವನ್ನು ಹೊರಗೆಳೆದು, ಆಮ್ಲಜನಕ ಬೆರೆಸಿ, ಮತ್ತೆ ಮೈಗೆ ನೂಕುವುದು ಹಾರ್ಟ್-ಲಂಗ್ ಯಂತ್ರ. ಎದೆಮೂಳೆ ಸೀಳಿದಾಗ ಅದರ ಕೊಳವೆಗಳನ್ನು ಹೃದಯದ ಬಲ ಮೇಲ್ಕೋಣೆಗೂ ಮಹಾಪಧಮನಿಗೂ ನೇರವಾಗಿ ಜೋಡಿಸಬಹುದು. ಪಕ್ಕೆಲುಬುಗಳ ನಡುವಿನ ಐದಾರು ಸೆಂ.ಮೀ. ಗಾಯದಲ್ಲಿ ಸರ್ಜನ್‌ನ ಉಪಕರಣಗಳಿಗೇ ಜಾಗ ಇಕ್ಕಟ್ಟು. ಅದಕ್ಕೇ ಕೊಳವೆಗಳು ತೊಡೆಸಂದಿಯಿಂದ ಬರುತ್ತವೆ. ಅಲ್ಲಿನ ಅಭಿಧಮನಿಯಲ್ಲಿ ತೂರಿಸಿದ ಉದ್ದ ಕೊಳವೆ ಹೊಟ್ಟೆಯನ್ನು ದಾಟಿ ಹೃದಯದವರೆಗೆ ಹೋಗಿ ರಕ್ತ ಎಳೆಯುತ್ತದೆ. ಪಕ್ಕದ ಅಪಧಮನಿಯಲ್ಲಿಟ್ಟ ಗಿಡ್ಡ ಕೊಳವೆ ಅದನ್ನು ಹಿಂದಿರುಗಿಸುತ್ತದೆ.

ಆಂಜಿಯೋಗ್ರಾಮ್ ಮಣಿಕಟ್ಟಿನಿಂದಲೇ ಆಗುತ್ತದಲ್ಲ ಎಂದು ನೀವು ಕೇಳಬಹುದು. 1989ರಲ್ಲಿ ಕೆನಡಾದ ಲೂಸಿಯೆನ್ ಕಾಂಪೋ ತೋರಿಸಿದ ಆ ದಾರಿ ಸುಮಾರು 2 ಮಿ.ಮೀ. ದಪ್ಪದ ನಳಿಕೆಗೆ ಸಾಕು. ಯಂತ್ರದ ಕೊಳವೆಗಳೋ 5ರಿಂದ 8 ಮಿ.ಮೀ. ದಪ್ಪ. ಅವನ್ನು ನುಂಗುವಷ್ಟು ಅಗಲವಿದ್ದೂ ಚರ್ಮಕ್ಕೆ ಹತ್ತಿರವಿರುವ ನಾಳಗಳು ತೊಡೆಸಂದಿಯವು.

ನಾಳ ಹೊಗುವುದಕ್ಕೆ ಎರಡು ಬಗೆ. ಎರಡು ಮೂರು ಸೆಂ.ಮೀ. ಕೊಯ್ದು ನಾಳವನ್ನು ಕಣ್ಣಾರೆ ನೋಡಿ ಕೊಳವೆ ಹಾಕುವುದು ಒಂದು. ನಿಮ್ಮ ಚಿಕ್ಕಪ್ಪನಿಗೆ ಆಗಿರುವುದು ಬಹುಶಃ ಇದೇ. ಇನ್ನೊಂದು, 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಪ್ರಕಟಿಸಿದ ವಿಧಾನ: ಸೂಜಿ ಚುಚ್ಚಿ, ಅದರೊಳಗಿಂದ ತಂತಿ ಬಿಟ್ಟು, ಸೂಜಿ ತೆಗೆದು, ತಂತಿಯ ಮೇಲೆ ಕೊಳವೆ ಜಾರಿಸುವುದು. ಈ ಸರಳ ಉಪಾಯ ಇಲ್ಲದಿದ್ದರೆ ಇಂದಿನ ಸ್ಟೆಂಟ್ ಚಿಕಿತ್ಸೆ ಈ ರೂಪದಲ್ಲಿ ಇರುತ್ತಿರಲಿಲ್ಲ. ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸುವುದಕ್ಕೂ ಬಲ ತೊಡೆಯ ಅಭಿಧಮನಿಯೇ ದಾರಿ. ನಿಮ್ಮದೇ ಜಿಲ್ಲೆಯ, ಚನ್ನರಾಯಪಟ್ಟಣ ತಾಲ್ಲೂಕು ಚಿನ್ನೇನಹಳ್ಳಿಯ ಡಾ. ಸಿ.ಎನ್. ಮಂಜುನಾಥ್ ಹೆಸರಾದದ್ದು ಜಯದೇವ ಸಂಸ್ಥೆಯಲ್ಲಿ ಮಾಡಿದ ಈ ಬಲೂನ್ ಚಿಕಿತ್ಸೆಯಿಂದಲೂ ಹೌದು.

ಯಂತ್ರದೊಳಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಇಂಬಳ ಕಚ್ಚಿ ಬಿಟ್ಟ ಮೇಲೂ ರಕ್ತ ಸೋರುತ್ತಲೇ ಇರುವುದನ್ನು ತೋಟದಲ್ಲಿ ಕಂಡಿದ್ದೀರಿ, ಹಾಗೆಯೇ. ಆದ್ದರಿಂದ ಚುಚ್ಚುವ ಜಾಗ ತಪ್ಪುವಂತಿಲ್ಲ. ತೀರಾ ಮೇಲೆ ಚುಚ್ಚಿದರೆ ಒತ್ತಿ ಹಿಡಿಯಲು ಹಿಂದೆ ಮೂಳೆ ಸಿಗದು, ರಕ್ತ ಹೊಟ್ಟೆಯ ಹಿಂಬದಿಗೆ ಇಳಿದು ಹೊರಗೆ ಕಾಣಿಸದೆಯೇ ಉಳಿಯಬಹುದು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಚುಚ್ಚುವುದು ಈ ಕಾರಣಕ್ಕೆ.

ಇದಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ. ಯಂತ್ರದ ರಕ್ತ ಕೆಳಗಿನಿಂದ ಮೇಲಕ್ಕೆ, ಸಹಜ ಹರಿವಿಗೆ ಎದುರಾಗಿ ನುಗ್ಗುತ್ತದೆ. ಮಹಾಪಧಮನಿಯ ಗೋಡೆಯಲ್ಲಿ ಕೊಬ್ಬಿನ ಗಂಟುಗಳಿದ್ದರೆ ಚೂರು ಕಿತ್ತು ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಅಂಥವರಿಗೆ ಕಾಲರ್ ಮೂಳೆಯ ಕೆಳಗಿನ ಅಪಧಮನಿ ಬಳಸುತ್ತಾರೆ, ಇಲ್ಲವೇ ಎದೆ ತೆರೆಯುವುದೇ ಕ್ಷೇಮ. ಗಾಯ ಚಿಕ್ಕದಿರಲಿ ಎಂದು ಹಟ ಹಿಡಿಯಬಾರದು. ಮೊದಲೇ ಸಿ.ಟಿ. ಸ್ಕ್ಯಾನ್ ಮಾಡಿ ನೋಡುತ್ತಾರೆ ನಿಜ, ಆದರೂ ರೋಗಿ ಹೇಳಬೇಕಾದದ್ದೊಂದಿದೆ. ತೋಟದ ಏರು ಹತ್ತುವಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆಯೇ? ಬೀಡಿ ಸೇದುವವರಲ್ಲಿ ಇದು ಹೆಚ್ಚು. ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಅದು ಕಾಲಿನ ನಾಳ ಕಿರಿದಾಗಿರುವ ಸೂಚನೆ; ಸರ್ಜನ್‌ಗೆ ಹೇಳಲೇಬೇಕು.

ಈಗ ಚಿಕ್ಕಪ್ಪನ ಮಾತು. ಡಾಕ್ಟರು ಹೇಳುವವರೆಗೆ ಕುಕ್ಕರಗಾಲಲ್ಲಿ ಕೂರುವುದು, ಕಾಫಿ ಚೀಲ ಎತ್ತುವುದು ಬೇಡ. ಗಾಯದಲ್ಲಿ ನೀರು ತುಂಬಿ ಮೆತ್ತಗೆ ಊದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ತೋರಿಸಿ. ಮಿಡಿಯುವ ಗಂಟು ಕೈಗೆ ಸಿಕ್ಕರೆ, ಪಾದ ತಣ್ಣಗಾಗಿ ಬಿಳಿಚಿಕೊಂಡರೆ, ರಕ್ತ ಜಿನುಗಿದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. ರಕ್ತ ಬರುತ್ತಿದ್ದರೆ ಅಂಗಾತ ಮಲಗಿಸಿ, ಗಾಯವನ್ನು ಬಲವಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ.