ಜ್ವರ ಬಿಟ್ಟ ಮೇಲೂ ಕಣ್ಣಿನ ಬಗ್ಗೆ ಎಚ್ಚರವಿರಲಿ

ಮಳೆಗಾಲ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಡೆಂಗಿ, ಚಿಕೂನ್‌ಗುನ್ಯಾದ ಭಯ ಶುರುವಾಗುತ್ತದೆ. ಜ್ವರ ಬಿಟ್ಟು ಪ್ಲೇಟ್‌ಲೆಟ್ ಏರಿದರೆ ಎಲ್ಲರೂ ನಿರಾಳವಾಗುತ್ತಾರೆ. ಆದರೆ ಕೆಲವರಿಗೆ ಅದರ ಬಳಿಕ ಕಣ್ಣು ಮಂಜಾಗುತ್ತದೆ. ಅದನ್ನು ನಿಶ್ಶಕ್ತಿ ಎಂದೋ, ಸಕ್ಕರೆ ಕಾಯಿಲೆ ಎಂದೋ ತಳ್ಳಿಹಾಕಿದರೆ ದೃಷ್ಟಿಗೇ ಕುತ್ತು ಬರಬಹುದು.

2006ರಲ್ಲಿ ಚಿಕೂನ್‌ಗುನ್ಯಾ ದೇಶದಲ್ಲೇ ಅತಿ ಹೆಚ್ಚು ಕಾಡಿದ್ದು ನಮ್ಮ ಕರ್ನಾಟಕವನ್ನು. ಆಗ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಕೀಲುನೋವು ಎಲ್ಲರ ಬಾಯಲ್ಲೂ ಇತ್ತು. ಆದರೆ ಕಣ್ಣಿನ ಒಳಪೊರೆಯ ಉರಿಯೂತ ಮತ್ತು ರೆಟಿನಾದ ತೊಂದರೆಯೂ ಬರುತ್ತದೆಂದು ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು 2008ರಲ್ಲಿ ವರದಿ ಮಾಡಿದರು.

ವೈರಸ್ ಕಣ್ಣಿನಲ್ಲಿ ಎಷ್ಟು ದಿನ ಇರುತ್ತದೆ?

ರಕ್ತದಲ್ಲಿ ಈ ವೈರಸ್‌ಗಳು ಸಾಮಾನ್ಯವಾಗಿ ಒಂದು ವಾರ ಇರುತ್ತವೆ. ಕಣ್ಣಿನ ಲೆಕ್ಕ ಬೇರೆ. ರಕ್ತದಲ್ಲಿರುವುದೆಲ್ಲ ಕಣ್ಣಿನೊಳಗೆ ನುಗ್ಗದಂತೆ ಅಲ್ಲಾಹನು ಒಂದು ತಡೆಯನ್ನಿಟ್ಟಿದ್ದಾನೆ. ಅದನ್ನು ದಾಟಿ ಒಳಹೊಕ್ಕ ವೈರಸ್ ಬೇಗ ಹೊರಹೋಗದು. ಜ್ವರ ಬಿಟ್ಟು ವಾರಗಳಾದ ಮೇಲೂ ಕೆಲವು ರೋಗಿಗಳ ಕಣ್ಣೊಳಗಿನ ನೀರಿನಲ್ಲಿ ಚಿಕೂನ್‌ಗುನ್ಯಾ ವೈರಸ್‌ನ ಕುರುಹು ಸಿಕ್ಕಿದೆ. ಹಾಗಾಗಿ ಇಷ್ಟೇ ದಿನ ಎಂದು ಗಡುವು ಹಾಕಲಾಗದು. ಕುರುಹು ಸಿಕ್ಕಿತೆಂದರೆ ಜೀವಂತ ವೈರಸ್ ಇದೆ ಎಂದೇ ಅರ್ಥವಲ್ಲ. ಎಷ್ಟೋ ಬಾರಿ ಹಾನಿ ಮಾಡುವುದು ವೈರಸ್ ವಿರುದ್ಧ ನಮ್ಮ ದೇಹವೇ ಹೂಡುವ ಹೋರಾಟ.

ಡೆಂಗಿಯಲ್ಲಿ ಕಣ್ಣಿನ ತೊಂದರೆ ಹೆಚ್ಚಾಗಿ ಜ್ವರ ಶುರುವಾದ ಒಂದು ವಾರದ ಸುಮಾರಿಗೆ, ಪ್ಲೇಟ್‌ಲೆಟ್ ತೀರಾ ಇಳಿದಾಗ ಕಾಣಿಸುತ್ತದೆ. ಚಿಕೂನ್‌ಗುನ್ಯಾದಲ್ಲಿ ಜ್ವರದ ಜೊತೆಗೇ ಬರಬಹುದು, ಒಂದೆರಡು ತಿಂಗಳು ಬಿಟ್ಟೂ ಬರಬಹುದು. ಆದ್ದರಿಂದ ಮೂರು ತಿಂಗಳವರೆಗೆ ಗಮನವಿರಲಿ.

ಈ ಲಕ್ಷಣ ಕಂಡರೆ ತಡಮಾಡಬೇಡಿ

• ದೃಷ್ಟಿ ಮಂಜಾಗುವುದು, ನಡುವೆ ಕಪ್ಪು ಕಲೆ ಕಾಣುವುದು
• ಕಣ್ಣು ಕೆಂಪಾಗಿ ನೋಯುವುದು, ಬೆಳಕು ನೋಡಲಾಗದಿರುವುದು
• ಕಣ್ಣೆದುರು ಚುಕ್ಕೆಗಳು ತೇಲುವುದು, ಗೆರೆಗಳು ಸೊಟ್ಟಗೆ ಕಾಣುವುದು

ಒಂದೊಂದೇ ಕಣ್ಣು ಮುಚ್ಚಿ ಓದಿ ನೋಡಿ. ವ್ಯತ್ಯಾಸವಿದ್ದರೆ ಅಂದೇ ತಾಲ್ಲೂಕು ಆಸ್ಪತ್ರೆಗೋ, ಮಂಡ್ಯದ ಮಿಮ್ಸ್ ಕಣ್ಣಿನ ವಿಭಾಗಕ್ಕೋ ಹೋಗಿ. ಇತ್ತೀಚೆಗೆ ಜ್ವರ ಬಂದಿತ್ತೆಂದು ಹೇಳಲು ಮರೆಯಬೇಡಿ. ಬೇಗ ಚಿಕಿತ್ಸೆ ಸಿಕ್ಕರೆ ಬಹುತೇಕರ ದೃಷ್ಟಿ ಸುಧಾರಿಸುತ್ತದೆ, ಇನ್ಶಾ ಅಲ್ಲಾಹ್.

ಮನೆಮದ್ದು ಬೇಡ

ಇಂಥ ಕಣ್ಣಿಗೆ ಜೇನು, ಗುಲಾಬ್ ಜಲ, ಸುರ್ಮಾ ಹಾಕಬೇಡಿ. ಮಾರುಕಟ್ಟೆಯ ಎಷ್ಟೋ ಸುರ್ಮಾಗಳಲ್ಲಿ ಸೀಸವಿರುತ್ತದೆ. ಮೆಡಿಕಲ್ ಸ್ಟೋರಿನಿಂದ ಕೇಳಿ ತಂದ ಸ್ಟೆರಾಯ್ಡ್ ಹನಿಯೂ ಬೇಡ. ಅದನ್ನು ಯಾವಾಗ, ಎಷ್ಟು ಹಾಕಬೇಕೆಂದು ಕಣ್ಣಿನ ಒಳಭಾಗ ನೋಡಿದವರೇ ಹೇಳಬೇಕು. ಯುನಾನಿ ಪರಂಪರೆಯಲ್ಲೂ ಕಣ್ಣಿಗೆ ‘ಕಹ್ಹಾಲ್’ ಎಂಬ ಪ್ರತ್ಯೇಕ ತಜ್ಞರಿದ್ದರು. ಬಗ್ದಾದಿನ ಅಲೀ ಇಬ್ನ್ ಈಸಾ ಅವರಿಗಾಗಿಯೇ ಗ್ರಂಥ ಬರೆದರು. ತಜ್ಞರ ಬಳಿ ಕಳಿಸುವುದು ಹಕೀಮರಿಗೆ ಕಡಿಮೆಯೇನಲ್ಲ.

ಮೂಲ ಸೊಳ್ಳೆಯಲ್ಲಿದೆ

ಈ ರೋಗಗಳನ್ನು ಹರಡುವುದು ಸೊಳ್ಳೆ ಕಡಿತ. ರೋಗಿಯ ಪಕ್ಕದಲ್ಲಿ ಕೂತರೆ, ಊಟ ಬಡಿಸಿದರೆ ಅಂಟುವುದಿಲ್ಲ. ರೋಗಿಯನ್ನು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ, ಏಕೆಂದರೆ ಈ ಸೊಳ್ಳೆ ಕಡಿಯುವುದು ಹಗಲಲ್ಲೇ. ಅದು ಹುಟ್ಟುವುದು ಗದ್ದೆ, ಚರಂಡಿಯಲ್ಲಲ್ಲ, ನಾವು ಹಿಡಿದಿಟ್ಟ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ, ಶುಕ್ರವಾರವೆಂದೇ ಗೊತ್ತುಮಾಡಿ, ಡ್ರಮ್ಮು, ತೊಟ್ಟಿ, ಮಸೀದಿಯ ವುಝೂ ಪಾತ್ರೆಗಳನ್ನು ಖಾಲಿ ಮಾಡಿ ಉಜ್ಜಿ ತೊಳೆಯಿರಿ. ಅಂಗಳದ ಎಳನೀರು ಬುರುಡೆ, ಹಳೆ ಟೈರು ತೆಗೆಯಿರಿ. ರಾತ್ರಿ ಪಾತ್ರೆಗಳ ಬಾಯಿ ಮುಚ್ಚಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಸುನ್ನತ್ತನ್ನು ಮನೆಯ ಪ್ರತಿ ಡ್ರಮ್ಮಿಗೂ ಪಾಲಿಸೋಣ.